ಪಾಠಕ್ಕೆ ಮೊದಲು ಗುರುವನ್ನೇ ಓದುವ ಮಕ್ಕಳು

ಶಾಲೆಯ ಗಂಟೆ ಬಾರಿಸಿ, ಉಪಾಧ್ಯಾಯರು ಹೊಸ್ತಿಲು ದಾಟಿ ಒಳಬಂದು, ಹಾಜರಿ ಪುಸ್ತಕವನ್ನು ಮೇಜಿನ ಮೇಲಿರಿಸುವಷ್ಟರಲ್ಲಿ ತರಗತಿಯ ಮಕ್ಕಳು ಅಂದಿನ ಮೊದಲ ಪಾಠವನ್ನು ಓದಿ ಮುಗಿಸಿರುತ್ತಾರೆ. ಆ ಪಾಠವು ಯಾವ ಪಠ್ಯಪುಸ್ತಕದಲ್ಲಿಯೂ ಅಚ್ಚಾಗಿರುವುದಿಲ್ಲ. ಗುರುವಿನ ಹುಬ್ಬಿನಲ್ಲಿ, ಹೆಜ್ಜೆಯಲ್ಲಿ, ಪುಸ್ತಕವನ್ನು ಮೇಜಿನ ಮೇಲೆ ಇಟ್ಟರೋ ಎಸೆದರೋ ಎಂಬುದರಲ್ಲಿ ಅದು ಬರೆದಿರುತ್ತದೆ. ಇಂದು ಪ್ರಶ್ನೆ ಕೇಳಬಹುದೇ? ತಿಳಿಯದಿದ್ದುದನ್ನು ತಿಳಿಯಲಿಲ್ಲವೆಂದು ಹೇಳಬಹುದೇ? ಅಥವಾ ತಿಳಿದವರಂತೆ ತಲೆಯಾಡಿಸಿ ಕುಳಿತಿರುವುದೇ ಕ್ಷೇಮವೇ? ಈ ಪ್ರಶ್ನೆಗಳಿಗೆಲ್ಲ ಮಕ್ಕಳ ಮನಸ್ಸಿನಲ್ಲಿ ಆ ಒಂದೆರಡು ನಿಮಿಷಗಳಲ್ಲಿಯೇ ಉತ್ತರ ಸಿದ್ಧವಾಗಿರುತ್ತದೆ. ಅಕ್ಷರ ಕಲಿಯದ ಮಗುವೂ ಈ ಲಿಪಿಯನ್ನು ತಪ್ಪಿಲ್ಲದೆ ಓದಬಲ್ಲದು.

ಇದನ್ನು ದೇಹಭಾಷೆ ಎಂದು ಕರೆಯುವುದು ಈಗ ರೂಢಿಯಾಗಿದೆ. ಶಿಕ್ಷಕರ ತರಬೇತಿ ಶಿಬಿರಗಳಲ್ಲಿ ಇದರ ಮೇಲೆ ಉಪನ್ಯಾಸಗಳು ನಡೆಯುತ್ತವೆ. ವಿದ್ಯಾರ್ಥಿಗಳೊಡನೆ ಆಪ್ತತೆಯನ್ನು ಬೆಳೆಸಿಕೊಳ್ಳಲು ಹೇಗೆ ನಿಲ್ಲಬೇಕು, ಹೇಗೆ ನೋಡಬೇಕು, ಯಾವಾಗ ಮುಗುಳ್ನಗಬೇಕು ಎಂಬ ಸೂತ್ರಗಳನ್ನು ಅಲ್ಲಿ ಹಂಚಲಾಗುತ್ತದೆ. ಸೂತ್ರಗಳು ಕೆಟ್ಟವೇನಲ್ಲ. ಆದರೆ ದೇಹದ ಭಾಷೆಯು ನಾಲಗೆಯ ಭಾಷೆಗಿಂತ ಒಂದು ವಿಷಯದಲ್ಲಿ ಭಿನ್ನವಾದುದು: ಅದರಲ್ಲಿ ಬಹುಕಾಲ ಸುಳ್ಳಾಡಲು ಬಾರದು. ಆದುದರಿಂದ ಈ ವಿಷಯವನ್ನು ನಾವು ತಂತ್ರದ ದೃಷ್ಟಿಯಿಂದ ಮಾತ್ರವಲ್ಲ, ಸತ್ಯದ ದೃಷ್ಟಿಯಿಂದಲೂ ನೋಡಬೇಕಾಗಿದೆ.

ನಮ್ಮ ಕಲಬುರಗಿಯಲ್ಲಿ ಈ ವಿಚಾರಕ್ಕೆ ವಿಶೇಷವಾದ ತೂಕವಿದೆ. ಮನೆಯಲ್ಲಿ ದಖನಿ ಉರ್ದು ಆಡುವ ಮಗು, ತಾಂಡಾದಿಂದ ಬಂದ ಲಂಬಾಣಿ ಮಾತಿನ ಮಗು, ಮರಾಠಿಯ ಮಗು, ತೆಲುಗಿನ ಮಗು ಇವರೆಲ್ಲರೂ ಇಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿರುವುದುಂಟು. ಮನೆಯಲ್ಲಿ ಕನ್ನಡವನ್ನೇ ಆಡುವ ಮಗುವಿಗೂ ಪುಸ್ತಕದ ಕನ್ನಡವು ತನ್ನ ಸೀಮೆಯ ಕನ್ನಡಕ್ಕಿಂತ ಬೇರೆಯಾಗಿಯೇ ಕೇಳಿಸುತ್ತದೆ. ಆಂಗ್ಲ ಮಾಧ್ಯಮದ ಶಾಲೆಯಲ್ಲಂತೂ ಆ ಅಂತರ ಇನ್ನೂ ಹೆಚ್ಚು. ಮಾತು ಅರ್ಧ ಮಾತ್ರ ತಿಳಿಯುವ ಜಾಗದಲ್ಲಿ ಮಗು ಉಳಿದರ್ಧವನ್ನು ಮಾತಾಡುವವರ ಮುಖದಿಂದ ಹೆಕ್ಕಿಕೊಳ್ಳುತ್ತದೆ. ಆ ಮುಖವು ಕರಿಹಲಗೆಯ ಕಡೆಗೇ ತಿರುಗಿದ್ದರೆ ಮಗು ಏನನ್ನು ಹೆಕ್ಕೀತು?

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶ ಬಂದಾಗ ರಾಜ್ಯದ ಜಿಲ್ಲೆಗಳ ಪಟ್ಟಿಯಲ್ಲಿ ಕಲಬುರಗಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಉತ್ತೀರ್ಣರಾದವರು ಶೇಕಡಾ 42.43 ಮಾತ್ರ, ಮೊದಲ ಸ್ಥಾನದ ದಕ್ಷಿಣ ಕನ್ನಡದಲ್ಲಿ ಶೇಕಡಾ 91.12. ಹಿಂದಿನ ವರ್ಷ, 2024ರಲ್ಲಿ, ಕಡೆಯ ಸ್ಥಾನವು ನೆರೆಯ ಯಾದಗಿರಿಯದಾಗಿತ್ತು. ಇದಕ್ಕೆ ಕಾರಣಗಳು ಹಲವು: ಖಾಲಿ ಉಳಿದ ಶಿಕ್ಷಕರ ಹುದ್ದೆಗಳು, ಕೂಲಿಗಾಗಿ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ವಲಸೆ ಹೋಗುವ ಕುಟುಂಬಗಳು, ತೊಗರಿಯ ರಾಶಿಯ ಕಾಲದಲ್ಲಿ ಹೊಲಕ್ಕೆ ಕರೆಯಲ್ಪಡುವ ಮಕ್ಕಳು. ಗುರುವಿನ ಮುಗುಳ್ನಗೆಯೊಂದರಿಂದ ಇವೆಲ್ಲ ತೀರುತ್ತವೆಂದು ಹೇಳಿದರೆ ಅದು ಬಡವರ ಕಷ್ಟವನ್ನು ಹಗುರಾಗಿ ಕಂಡಂತಾದೀತು. ಆದರೆ ಎರಡು ತಿಂಗಳು ಊರಲ್ಲಿಲ್ಲದೆ ಮರಳಿ ಬಂದ ಹುಡುಗನು ತರಗತಿಯ ಬಾಗಿಲಲ್ಲಿ ನಿಂತಾಗ ಗುರುವಿನ ಕಣ್ಣು ಅವನನ್ನು ಹೇಗೆ ಬರಮಾಡಿಕೊಂಡಿತು ಎಂಬುದರ ಮೇಲೆ ಅವನು ಮರುದಿನವೂ ಬರುವನೋ ಇಲ್ಲವೋ ಎಂಬುದು ನಿಂತಿರಬಹುದು. ಸರ್ಕಾರದ ಅನುದಾನಕ್ಕೆ ಕಾಯಬೇಕಾಗಿಲ್ಲದ ಸುಧಾರಣೆ ಇದೊಂದೇ.

ನಮ್ಮ ನಗರದ ಐವಾನ್-ಎ-ಶಾಹಿಯನ್ನು ಎಲ್ಲರೂ ಬಲ್ಲರು. ನಿಜಾಮರ ಕಾಲದ ಆ ಕಟ್ಟಡ ಇಂದು ಸರ್ಕಾರದ ಅತಿಥಿಗೃಹವಾಗಿದೆ. ಅದರ ಹೆಸರಿನಿಂದಲೇ ಸುತ್ತಲಿನ ಪ್ರದೇಶವನ್ನೂ ಕರೆಯುತ್ತೇವೆ. ಪಾರಸಿ ಮೂಲದ ಆ ಹೆಸರಿಗೆ ರಾಜಮಂದಿರವೆಂದು ಅರ್ಥ. ರಾಜಮಂದಿರಗಳಿಗೆ ತಮ್ಮದೇ ಆದ ದೇಹಭಾಷೆ ಇತ್ತು. ಅರಸರು ಎತ್ತರದಲ್ಲಿ ಕುಳಿತಿರಬೇಕು, ಬಂದವರು ತಗ್ಗಿನಲ್ಲಿ ನಿಂತಿರಬೇಕು. ತಲೆ ಬಾಗಬೇಕು, ಕೈ ಕಟ್ಟಬೇಕು, ಕೇಳಿದಾಗ ಮಾತ್ರ ಬಾಯಿ ತೆರೆಯಬೇಕು. ಒಂದು ಮಾತನ್ನೂ ಆಡದೆ ಆ ವ್ಯವಸ್ಥೆಯು ಯಾರು ದೊಡ್ಡವರು, ಯಾರು ಚಿಕ್ಕವರು ಎಂಬುದನ್ನು ಸಾರುತ್ತಿತ್ತು. 1948ರ ಸೆಪ್ಟೆಂಬರ್ 17ರೊಂದಿಗೆ ನಿಜಾಮರ ಆಳ್ವಿಕೆ ಕೊನೆಗೊಂಡಿತು. ಆದರೆ ಎತ್ತರದ ವೇದಿಕೆ, ಅದರ ಮೇಲೊಂದು ಕುರ್ಚಿ, ಕೆಳಗೆ ಕೈಕಟ್ಟಿ ನಿಂತ ಮಗು ಎಂಬ ದರಬಾರಿನ ಚಿತ್ರವು ನಮ್ಮ ತರಗತಿಗಳಿಂದ ಇನ್ನೂ ಪೂರ್ಣವಾಗಿ ಅಳಿದಿದೆಯೇ? ಗೌರವಕ್ಕೂ ಭಯಕ್ಕೂ ಇರುವ ವ್ಯತ್ಯಾಸವನ್ನು ನಾವು ಮರೆತಾಗಲೆಲ್ಲ ತರಗತಿಯು ದರಬಾರಾಗುತ್ತದೆ.

ಈ ಚಿಂತನೆ ಹೊಸದಲ್ಲ. ಕ್ರಿಸ್ತಶಕ 400ರ ಸುಮಾರಿನಲ್ಲಿ ಕಾರ್ಥೇಜಿನ ದೆಯೊಗ್ರಾತಿಯಾಸ್ ಎಂಬ ಉಪಯಾಜಕರು ಸಂತ ಅಗುಸ್ತೀನರಿಗೆ ತಮ್ಮ ಕಷ್ಟವನ್ನು ತೋಡಿಕೊಂಡರು: ಹೊಸಬರಿಗೆ ಧರ್ಮೋಪದೇಶ ಮಾಡುವಾಗ ತಮ್ಮ ಮಾತು ತಮಗೇ ಸಪ್ಪೆಯೆನಿಸುತ್ತದೆ, ಏನು ಮಾಡಲಿ ಎಂದು. ಅದಕ್ಕೆ ಉತ್ತರವಾಗಿ ಅಗುಸ್ತೀನರು ಒಂದು ಕಿರುಗ್ರಂಥವನ್ನೇ ಬರೆದರು. ಕಲಿಸುವವನ ಉಲ್ಲಾಸವೇ ಕಲಿಸುವಿಕೆಯ ಜೀವಾಳವೆಂಬುದು ಅದರ ತಿರುಳು. ಅದರಲ್ಲಿ ಅವರು ಕೇಳುಗನ ದೇಹವನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದಾರೆಂದರೆ ಇಂದಿನ ಮನೋವಿಜ್ಞಾನಿಗಳೂ ಮೆಚ್ಚಬೇಕು. ಮೊದಲು ಸಂತೋಷದಿಂದ ಕೇಳುತ್ತಿದ್ದವನು ನಿಂತು ನಿಂತು ದಣಿದು ಆಕಳಿಸತೊಡಗುತ್ತಾನೆ. ಹೊರಟುಹೋಗುವ ಮನಸ್ಸಿದ್ದರೂ ಸಂಕೋಚದಿಂದ ಹೇಳಲಾರ. ಆಗ ಅವನನ್ನು ಗದರಿಸಬಾರದು, ಅವನಿಗೊಂದು ಆಸನ ಕೊಡಬೇಕು. ಸಾಧ್ಯವಾದರೆ ಮೊದಲಿನಿಂದಲೇ ಕೂರಿಸಬೇಕು ಎಂದು ಅಗುಸ್ತೀನರು ಬುದ್ಧಿ ಹೇಳುತ್ತಾರೆ. ಬೋಧಕರು ಕುಳಿತು ಜನರು ನಿಂತು ಕೇಳುವುದೇ ಅಲ್ಲಿಯ ಪದ್ಧತಿಯಾಗಿದ್ದ ಕಾಲ ಅದು. ಪ್ರಭುವಿನ ಪಾದದ ಬಳಿಯಲ್ಲಿ ಮರಿಯಳು ಕುಳಿತೇ ಕೇಳಿದಳಲ್ಲವೇ ಎಂದು ಅವರು ನೆನಪಿಸುತ್ತಾರೆ.

ಏಪ್ರಿಲ್ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಊರಿನ ಬಿಸಿಲಿನಲ್ಲಿ, ಮಧ್ಯಾಹ್ನ ಊಟದ ಅನಂತರದ ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವ ಮುನ್ನ ನಾವು ಈ ಮಾತನ್ನು ಸ್ಮರಿಸಬಹುದು. ಆಕಳಿಕೆಯು ಅವಿಧೇಯತೆಯಲ್ಲ, ಅದೂ ಒಂದು ಮಾತು. ವಿದ್ಯಾರ್ಥಿಯ ದೇಹವು ಆಡುವ ಆ ಮಾತನ್ನು ಕೇಳಿಸಿಕೊಳ್ಳುವವನೇ ತನ್ನ ದೇಹದ ಮಾತನ್ನೂ ಸರಿಯಾಗಿ ಆಡಬಲ್ಲನು. ದೇಹಭಾಷೆಯೆಂದರೆ ಗುರುವು ತಾನು ಮಾಡಬೇಕಾದ ಹಾವಭಾವ ಮಾತ್ರವೆಂದು ತಿಳಿಯುವುದು ಅರ್ಧ ತಿಳಿವಳಿಕೆ. ಮೊದಲ ಅರ್ಧ ನೋಡುವುದರಲ್ಲಿದೆ.

ಬಡ ಹುಡುಗರ ನಡುವೆಯೇ ಬಾಳಿದ ಸಂತ ಜಾನ್ ಬೋಸ್ಕೊ 1884ರ ಮೇ 10ರಂದು ರೋಮಿನಿಂದ ತಮ್ಮ ಸಂಸ್ಥೆಗೆ ಬರೆದ ಪತ್ರದಲ್ಲಿಯೂ ಇದೇ ಕಳಕಳಿಯಿದೆ. ಹಿಂದೆ ಹಿರಿಯರು ಆಟದ ಬಯಲಿನಲ್ಲಿ ಹುಡುಗರ ನಡುವೆ ಇರುತ್ತಿದ್ದರು. ಈಗ ತಮ್ಮಷ್ಟಕ್ಕೆ ತಾವು ಮಾತಾಡುತ್ತ ದೂರ ನಿಲ್ಲುತ್ತಾರೆ ಎಂದು ಅವರು ಮರುಗಿದರು. ಹುಡುಗರ ಮೇಲೆ ಪ್ರೀತಿಯಿದ್ದರೆ ಸಾಲದು, ಆ ಪ್ರೀತಿ ಹುಡುಗರಿಗೆ ಕಾಣಬೇಕು ಎಂಬುದು ಆ ಪತ್ರದ ಸಾರ. ಪೀಠದಲ್ಲಿ ಮಾತ್ರ ಕಾಣಸಿಗುವವನು ಉಪಾಧ್ಯಾಯನಾಗಿಯೇ ಉಳಿಯುತ್ತಾನೆ. ಬಯಲಿಗೆ ಇಳಿದವನು ಅಣ್ಣನಾಗುತ್ತಾನೆ. ಪ್ರೀತಿಯು ಎದೆಯೊಳಗೆ ಎಷ್ಟೇ ತುಂಬಿದ್ದರೂ ಕಣ್ಣಿಗೆ, ಕೈಗೆ, ಕಾಲಿಗೆ ಇಳಿಯದಿದ್ದರೆ ಮಗುವಿನ ಪಾಲಿಗೆ ಅದು ಇಲ್ಲದ ಹಾಗೆಯೇ.

ಇಂದಿನ ಸಂಶೋಧನೆಗಳು ಇದಕ್ಕೆ ಸಾಕ್ಷಿಯನ್ನು ಒದಗಿಸಿವೆ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮನೋವಿಜ್ಞಾನಿ ನಳಿನಿ ಅಂಬಾಡಿಯವರು ರಾಬರ್ಟ್ ರೋಸೆಂಥಾಲ್ ಅವರೊಡನೆ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಧ್ಯಾಪಕರು ಪಾಠ ಮಾಡುತ್ತಿರುವ ದೃಶ್ಯದ ತುಣುಕುಗಳನ್ನು ಧ್ವನಿಯಿಲ್ಲದೆ ಅಪರಿಚಿತರಿಗೆ ತೋರಿಸಲಾಯಿತು. ತುಣುಕುಗಳ ಅವಧಿ ಅರ್ಧ ನಿಮಿಷಕ್ಕೂ ಕಡಿಮೆ. ಅಷ್ಟರಿಂದಲೇ ಆ ಅಪರಿಚಿತರು ಕೊಟ್ಟ ಅಭಿಪ್ರಾಯವು, ಅದೇ ಅಧ್ಯಾಪಕರ ಬಳಿ ಇಡೀ ಅವಧಿ ಕಲಿತ ವಿದ್ಯಾರ್ಥಿಗಳು ಕೊನೆಯಲ್ಲಿ ಕೊಟ್ಟ ಅಭಿಪ್ರಾಯಕ್ಕೆ ಬಹುಮಟ್ಟಿಗೆ ಹೊಂದಿಕೆಯಾಯಿತು. ಇದರಿಂದ ಮಕ್ಕಳು ಎಷ್ಟು ಕಲಿತರೆಂಬುದು ತಿಳಿಯುವುದಿಲ್ಲ, ನಿಜ. ಆದರೆ ಗುರುವಿನ ಬಗ್ಗೆ ಮನಸ್ಸು ಎಷ್ಟು ಬೇಗ ತೀರ್ಮಾನಕ್ಕೆ ಬರುತ್ತದೆಂಬುದು ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಸಂವಹನದಲ್ಲಿ ಮಾತಿನ ಪಾಲು ಶೇಕಡಾ 7, ಧ್ವನಿಯ ಪಾಲು 38, ದೇಹದ ಪಾಲು 55 ಎಂಬ ಲೆಕ್ಕವನ್ನು ಅನೇಕ ಭಾಷಣಕಾರರು ಉರುಹೊಡೆದು ಒಪ್ಪಿಸುತ್ತಾರೆ. ಆಲ್ಬರ್ಟ್ ಮೆಹ್ರಾಬಿಯನ್ ಎಂಬ ವಿದ್ವಾಂಸರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಹೊರಟ ಲೆಕ್ಕವಿದು. ಆಡಿದ ಪದಕ್ಕೂ ಧ್ವನಿ, ಮುಖಗಳಿಗೂ ವಿರೋಧ ಕಂಡಾಗ, ಮಾತಾಡುವವರ ಒಲವು ಅಥವಾ ಅಸಮಾಧಾನವನ್ನು ಜನರು ಯಾವುದರಿಂದ ಊಹಿಸುತ್ತಾರೆಂಬುದಷ್ಟೇ ಅಲ್ಲಿಯ ಪ್ರಶ್ನೆಯಾಗಿತ್ತು. ಎಲ್ಲ ಸಂವಹನಕ್ಕೂ ಇದನ್ನು ಅನ್ವಯಿಸಬಾರದೆಂದು ಅವರೇ ಹೇಳಿದ್ದಾರೆ. ಬೀಜಗಣಿತವನ್ನು ಹುಬ್ಬಿನಿಂದ ಕಲಿಸಲಾಗದು. ಪಾಠದ ಸಿದ್ಧತೆಯಿಲ್ಲದ ಗುರುವಿನ ಮಂದಹಾಸದಿಂದ ಮಗುವಿಗೆ ಲಾಭವಿಲ್ಲ. ಆದರೆ ಆ ಪ್ರಯೋಗದಲ್ಲಿ ನಮಗೆ ಬೇಕಾದ ಒಂದು ಸತ್ಯವಿದೆ: ಬಾಯಿ ಒಂದನ್ನು, ಮುಖ ಇನ್ನೊಂದನ್ನು ಹೇಳಿದಾಗ ಕೇಳುವವನು ಮುಖವನ್ನೇ ನಂಬುತ್ತಾನೆ. ‘ಸಂಶಯವಿದ್ದರೆ ಕೇಳಿರಿ’ ಎನ್ನುತ್ತಲೇ ಗಡಿಯಾರದ ಕಡೆ ನೋಡುವ ಉಪಾಧ್ಯಾಯರನ್ನು ಯಾವ ಮಗುವೂ ಏನನ್ನೂ ಕೇಳುವುದಿಲ್ಲ.

ಹಾಗಾದರೆ ಒಳಗಿಲ್ಲದ ಪ್ರೀತಿಯನ್ನು ಹೊರಗೆ ನಟಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕವೆಂದು ನಾಲ್ಕಾಗಿ ವಿಂಗಡಿಸಿದೆ. ಅಂಗಗಳ ಚಲನೆಯನ್ನು ಅಭ್ಯಾಸದಿಂದ ಸಾಧಿಸಬಹುದು. ಕಣ್ಣೀರು, ರೋಮಾಂಚಗಳಂಥ ಸಾತ್ವಿಕ ಭಾವಗಳಿಗೆ ಮನಸ್ಸಿನ ಏಕಾಗ್ರತೆಯೇ ಬೇಕು. ಸಂತ ಥೋಮಸ್ ಅಕ್ವಿನಾಸರು ಆತ್ಮವನ್ನು ದೇಹದ ರೂಪವೆಂದು ಕರೆದರು; ಎಂದರೆ ದೇಹವು ಆತ್ಮವನ್ನು ಇಟ್ಟಿರುವ ಪೆಟ್ಟಿಗೆಯಲ್ಲ, ಎರಡೂ ಸೇರಿಯೇ ಒಬ್ಬ ಮನುಷ್ಯ. ಇಪ್ಪತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮರ್ಲೋ-ಪಾಂಟಿ 1945ರ ತಮ್ಮ ಮಹಾಗ್ರಂಥದಲ್ಲಿ ಇದೇ ದಿಕ್ಕಿನಲ್ಲಿ ನಡೆದರು: ಸಿಟ್ಟಾದ ಮುಖದ ಹಿಂದೆ ಸಿಟ್ಟು ಬೇರೆಲ್ಲೋ ಅಡಗಿಲ್ಲ, ಆ ಮುಖದಲ್ಲಿಯೇ ಸಿಟ್ಟಿದೆ. ಆದುದರಿಂದ ಒಳಗನ್ನು ತಿದ್ದದೆ ಹೊರಗನ್ನು ಮಾತ್ರ ತಿದ್ದುವ ಪ್ರಯತ್ನ ಬೇಗ ಬಯಲಾಗುತ್ತದೆ. ಆದರೆ ಅದೇ ತರ್ಕದಿಂದ ಇನ್ನೊಂದು ಮಾತೂ ಸಿದ್ಧವಾಗುತ್ತದೆ: ಮಗುವಿನ ಕಡೆ ತಿರುಗುವ, ಬಾಗುವ, ಕಾಯುವ ಅಭ್ಯಾಸವನ್ನು ದೇಹಕ್ಕೆ ದಿನವೂ ಮಾಡಿಸಿದರೆ ಮನಸ್ಸೂ ಮೆಲ್ಲಗೆ ಆ ಕಡೆ ತಿರುಗುತ್ತದೆ. ಮೊಣಕಾಲೂರಿ ಪ್ರಾರ್ಥಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದು ನಟನೆಯಲ್ಲ, ಸಾಧನೆ.

ದೇಹದ ಭಾಷೆಗೂ ದೇಶಾಚಾರವುಂಟು ಎಂಬುದನ್ನು ಮರೆಯಬಾರದು. ಹೊರದೇಶದ ಪುಸ್ತಕಗಳು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದನ್ನು ಪ್ರಾಮಾಣಿಕತೆಯ ಗುರುತೆಂದು ಹೇಳುತ್ತವೆ. ನಮ್ಮ ಹಳ್ಳಿಯ ಮಗು ಹಿರಿಯರ ಮುಂದೆ ಕಣ್ಣು ತಗ್ಗಿಸುವುದು ಗೌರವದಿಂದ. ‘ನನ್ನ ಮುಖ ನೋಡಿ ಮಾತಾಡು, ತಪ್ಪು ಮಾಡಿದವನಂತೆ ನೆಲ ನೋಡಬೇಡ’ ಎಂದು ಅಂಥ ಮಗುವನ್ನು ಗದರಿಸಿದರೆ, ಮನೆಯಲ್ಲಿ ಕಲಿತ ಸದಾಚಾರವೇ ಶಾಲೆಯಲ್ಲಿ ಅಪರಾಧವಾಗುತ್ತದೆ. ತಲೆಯನ್ನು ಪಕ್ಕಕ್ಕೆ ಆಡಿಸುವ ನಮ್ಮ ಹೂಂಗುಟ್ಟುವಿಕೆಗೆ ಒಪ್ಪಿಗೆಯೆಂದೂ ‘ಕೇಳುತ್ತಿದ್ದೇನೆ’ ಎಂದೂ ಎರಡರ್ಥಗಳುಂಟು. ಕೇಳಿತೆಂಬುದನ್ನು ತಿಳಿಯಿತೆಂದು ಭ್ರಮಿಸಿ ಮುಂದಿನ ಪಾಠಕ್ಕೆ ಹೋಗುವವರು ಎಷ್ಟು ಮಂದಿಯಿಲ್ಲ! ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮಕ್ಕಳ ಮುಂದೆ ಉತ್ತರಪತ್ರಿಕೆಯನ್ನು ಎಸೆಯುವುದು, ಎಡಗೈಯಿಂದ ಕೊಡುವುದು, ಒಂದು ಬೆರಳಾಡಿಸಿ ಕರೆಯುವುದು ಇವು ಬೈಗುಳಕ್ಕಿಂತ ಆಳವಾಗಿ ನಾಟುತ್ತವೆ.

ಸ್ಪರ್ಶದ ವಿಷಯದಲ್ಲಂತೂ ಬಹಳ ವಿವೇಕ ಬೇಕು. ಬಾಲಕರಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ನೀಡುವ 2009ರ ಕಾಯಿದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯಿದೆ 2012ರಲ್ಲಿ ಬಂದಿದೆ. ಬೆತ್ತದ ಹೊಡೆತವೂ ಕಿವಿ ಹಿಂಡುವುದೂ ಕಾನೂನಿಗೆ ವಿರುದ್ಧ; ಆಪ್ತತೆಯ ಹೆಸರಿನಲ್ಲಿ ಮಗುವಿಗೆ ಮುಜುಗರವಾಗುವಂತೆ ಮೈಮುಟ್ಟುವುದೂ ಸಲ್ಲದು. ಯೇಸುಸ್ವಾಮಿ ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದರೆಂದು ಮಾರ್ಕನು ಬರೆದ ಶುಭಸಂದೇಶ ಹೇಳುತ್ತದೆ. ಆ ಮಕ್ಕಳನ್ನು ಕರೆತಂದವರು ಅಲ್ಲಿಯೇ ಇದ್ದರೆಂಬುದನ್ನೂ ಗಮನಿಸಬೇಕು. ಎಲ್ಲರ ಕಣ್ಣೆದುರಿನಲ್ಲಿರುವುದು, ಮಗುವಿನ ಸಂಕೋಚವನ್ನು ಗೌರವಿಸುವುದು, ದೂರವನ್ನು ಕಾಯ್ದುಕೊಂಡೇ ಹತ್ತಿರವಾಗುವುದು ಇಂದಿನ ಗುರುವಿಗೆ, ಧರ್ಮಗುರುವಿಗೂ ಧರ್ಮಭಗಿನಿಗೂ ಸೇರಿ, ಅನಿವಾರ್ಯವಾದ ಶಿಸ್ತು. ಕಣ್ಣಿನ ಕರುಣೆಗೆ ಕೈಯ ಸ್ಪರ್ಶ ಬೇಕೆಂದಿಲ್ಲ.

ದೂರವಿದ್ದೂ ಹತ್ತಿರವಾಗುವ ದಾರಿಗಳು ಅತಿ ಸಾಮಾನ್ಯವಾದವು. ಬರೆಯುವಾಗ ಬರೆದು, ಮಾತಾಡುವಾಗ ಮಕ್ಕಳತ್ತ ತಿರುಗುವುದು ಒಂದು. ಮುಂದಿನ ಸಾಲಿನ ಜಾಣರ ಮೇಲೆಯೇ ನೆಟ್ಟ ಕಣ್ಣನ್ನು ಕಡೆಯ ಬೆಂಚಿಗೂ ಕಳುಹಿಸುವುದು, ಕಾಲನ್ನೂ ಕಳುಹಿಸುವುದು ಇನ್ನೊಂದು. ಬರೆಯುತ್ತಿರುವ ಮಗುವಿನ ಬೆನ್ನ ಹಿಂದೆ ನಿಂತು ಇಣುಕುವ ಬದಲು ಅದರ ಪಕ್ಕಕ್ಕೆ ಬಂದು ಅದರ ಎತ್ತರಕ್ಕೆ ಬಾಗುವುದು ಮತ್ತೊಂದು. ಪ್ರಶ್ನೆ ಕೇಳಿದ ಮೇಲೆ ಕಾಯುವುದು ಎಲ್ಲಕ್ಕಿಂತ ಕಷ್ಟದ್ದು. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಶಿಕ್ಷಕರು ಪ್ರಶ್ನೆಯೊಂದನ್ನು ಕೇಳಿ ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದುದು ಕಂಡುಬಂದಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ದೀರ್ಘವಾದವು, ಹಿಂದುಳಿದವರೆನಿಸಿಕೊಂಡ ಮಕ್ಕಳೂ ಬಾಯಿಬಿಟ್ಟರು. ಮನೆಯ ಮಾತಿನಲ್ಲಿ ಯೋಚಿಸಿ ಶಾಲೆಯ ಮಾತಿಗೆ ಅದನ್ನು ತಿರುಗಿಸಬೇಕಾದ ನಮ್ಮ ಮಕ್ಕಳಿಗೆ ಆ ಮೂರು ಸೆಕೆಂಡು ದೊಡ್ಡ ದಾನವೇ ಸರಿ.

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಒಂದು ಮಾದರಿ ಹುಟ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹಬ್ಬಿದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪುಗುಂಪಾಗಿ ಕೂರುತ್ತಾರೆ, ಗುರುವೂ ಅವರ ನಡುವೆ ಕೂರುತ್ತಾನೆ. ಅದರ ಗುಣದೋಷಗಳ ಚರ್ಚೆ ಬೇರೆ. ಆದರೆ ಗುರುವಿನ ದೇಹದ ಸ್ಥಾನವನ್ನೇ ಬದಲಿಸಿದ ಕ್ರಮ ಅದು. ಮೂರು ವರ್ಷ ಹೀಗೆ ಕಲಿತ ಮಗು ನಾಲ್ಕನೆಯ ತರಗತಿಗೆ ಬಂದಾಗ ಸಾಲು ಬೆಂಚು, ಎತ್ತರದ ಮೇಜುಗಳನ್ನು ಕಂಡು ತಬ್ಬಿಬ್ಬಾದರೆ ತಪ್ಪು ಯಾರದು?

ಕೊನೆಯದಾಗಿ ನಮ್ಮ ಕುಟುಂಬಗಳಿಗೆ ಒಂದು ಮಾತು. ಮಗುವಿನ ಮೊದಲ ತರಗತಿ ಮನೆಯೇ. ಶಾಲೆಯಿಂದ ಬಂದ ಮಗು ‘ಅವ್ವಾ, ಇವತ್ತ್ ಏನಾತು ಗೊತ್ತೇನು’ ಎಂದು ಆರಂಭಿಸುವಾಗ ನಮ್ಮ ಕಣ್ಣು ಕೈಯಲ್ಲಿಯ ಮೊಬೈಲಿನ ಮೇಲಿದ್ದು, ಬಾಯಿ ಮಾತ್ರ ‘ಹೂಂ, ಹೇಳು’ ಎಂದರೆ, ಮಗು ಬಾಯಿಯನ್ನು ನಂಬದು, ಕಣ್ಣನ್ನು ನಂಬುತ್ತದೆ. ಕೆಲದಿನಗಳಲ್ಲಿ ಹೇಳುವುದನ್ನೇ ಬಿಡುತ್ತದೆ. ಫಲಿತಾಂಶದ ದಿನ ಅಂಕಪಟ್ಟಿ ಹಿಡಿದು ಬಾಗಿಲಲ್ಲಿ ನಿಂತ ಮಗನೋ ಮಗಳೋ ಮೊದಲು ಓದುವುದು ತಂದೆಯ ಮುಖವನ್ನು. ಆ ಕ್ಷಣದ ಮುಖವನ್ನು ಅವರು ಜೀವಮಾನವೆಲ್ಲ ಮರೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ 2025ರ ಆ ಪರೀಕ್ಷೆಯೊಂದರಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅನುತ್ತೀರ್ಣರಾಗಿ ಮನೆಯ ಬಾಗಿಲಲ್ಲಿ ನಿಂತರು ಎಂಬುದನ್ನು ನೆನೆದರೆ ಈ ಮಾತಿನ ಗಂಭೀರತೆ ತಿಳಿದೀತು. ಸೋತ ಮಗುವಿಗೆ ಮರುಪರೀಕ್ಷೆ ಬರೆಯುವ ಧೈರ್ಯ ಬರುವುದು ಉಪದೇಶದಿಂದಲ್ಲ. ಎಂದಿನಂತೆ ತಟ್ಟೆ ಹಾಕಿ, ಎಂದಿನಂತೆ ಪಕ್ಕದಲ್ಲಿ ಕೂರುವ ತಾಯಿತಂದೆಯರಿಂದ.

ಭಾನುವಾರದ ಧರ್ಮೋಪದೇಶ ತರಗತಿಗಳಿಗೂ ಈ ಮಾತು ಅನ್ವಯಿಸುತ್ತದೆ. ದೇವರು ಪ್ರೀತಿಸ್ವರೂಪಿಯೆಂದು ಗಂಟುಮುಖದಲ್ಲಿ ಕಲಿಸಿದರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಗಂಟುಮುಖ. ಮೂರು ಸಲ ತನ್ನನ್ನು ನಿರಾಕರಿಸಿದ ಪೇತ್ರನ ಕಡೆಗೆ ಪ್ರಭು ಒಂದು ಮಾತನ್ನೂ ಆಡದೆ ತಿರುಗಿ ನೋಡಿದರೆಂದು ಲೂಕನು ಬರೆದಿದ್ದಾನೆ. ಆ ನೋಟದಲ್ಲಿ ತಿರಸ್ಕಾರವಿದ್ದಿದ್ದರೆ ಪೇತ್ರನೂ ಯೂದನ ದಾರಿ ಹಿಡಿಯುತ್ತಿದ್ದನೇನೋ. ನಮ್ಮ ಕಡೆಯ ಬೆಂಚುಗಳಲ್ಲಿಯೂ ತಪ್ಪು ಮಾಡಿದವರು, ಸೋತವರು, ಹೆದರಿದವರು ಕುಳಿತಿದ್ದಾರೆ. ಜೂನ್ ತಿಂಗಳಿನಿಂದ ಮಾರ್ಚಿಯವರೆಗೆ ಅವರು ನಮ್ಮನ್ನು ಓದುತ್ತಲೇ ಇರುತ್ತಾರೆ. ಅವರ ಕಡೆ ನಾವು ಒಮ್ಮೆಯಾದರೂ ತಿರುಗಿ ನೋಡುವೆವೇ, ನೋಡಿದರೆ ಹೇಗೆ ನೋಡುವೆವು ಎಂಬುದನ್ನು ಪ್ರತಿಯೊಬ್ಬ ಗುರುವೂ ಪ್ರತಿಯೊಬ್ಬ ತಾಯಿತಂದೆಯೂ ಈ ವಾರ ತಮ್ಮನ್ನು ತಾವೇ ಕೇಳಿಕೊಳ್ಳಲಿ.